ಎಪ್ಪತ್ತೆರಡು ಗಂಟೆಯ ಮೌನ

ಕಂಬ ಬಿದ್ದು ಕತ್ತಲಾದ ಐದನೇ ದಿನ ಬೆಳಿಗ್ಗೆ ರಿಪ್ಪನ್‌ಪೇಟೆಗೆ ಕರೆಂಟ್ ಬಂತು, ಫೋನ್ ಟವರ್‌ಗೂ ಜೀವ ಬಂತು. ಅರ್ಜಿ ಬರೆದುಕೊಡುವ ನನ್ನ ಅಂಗಡಿಯಲ್ಲಿ ಕಂಪ್ಯೂಟರ್ ಹಾಕಿ ಮೇಲ್ ತೆರೆದೆ. ನನಗೆ ಕಣ್ಣಿಲ್ಲ. ಪರದೆಯ ಕನ್ನಡವನ್ನು ‘ಉಲಿ’ ಓದಿ ಹೇಳುತ್ತದೆ. ಅದು ಯಾವ ಕಂಪನಿಯದ್ದೂ ಅಲ್ಲ. ಹನ್ನೆರಡು ವರ್ಷದ ಹಿಂದೆ ನಾನೂ ಸಾಗರದ ಕೃಷ್ಣಕುಮಾರನೂ ಶುರು ಮಾಡಿದ ತಂತ್ರಾಂಶ. ಈಗ ಇಪ್ಪತ್ತು ಮಂದಿ ಸೇರಿ ಪುಕ್ಕಟೆ ಬರೆದು ಪುಕ್ಕಟೆ ಹಂಚುತ್ತೇವೆ.

ಉಲಿ ತನ್ನ ಸಪಾಟು ದನಿಯಲ್ಲಿ ಓದಿತು: “ಹಳೆಯ ಮೂವತ್ತೆರಡು ಬಿಟ್ ಕಂಪ್ಯೂಟರುಗಳನ್ನು ಈ ರಿಲೀಸಿನಿಂದ ಕೈಬಿಡಲಾಗಿದೆ. ಪ್ರಸ್ತಾವ, ಕೃಷ್ಣಕುಮಾರ್. ಆಕ್ಷೇಪಣೆ ಇಲ್ಲ. ಸರ್ವಾನುಮತದ ಒಪ್ಪಿಗೆ. ರಿಲೀಸ್ ಇಂದು ಸಂಜೆ ನಾಲ್ಕಕ್ಕೆ.”

ನನ್ನದು ಅದೇ ಹಳೆಯ ಕಂಪ್ಯೂಟರ್. ಅರ್ಜಿ ಹಾಕುವ ಜಾಲತಾಣ ಹೋದ ತಿಂಗಳು ಬದಲಾಗಿ, ಅಲ್ಲಿ ಈಗಿನ ಉಲಿ ಮೂಕವಾಗಿದೆ. ಅದನ್ನು ಸರಿಪಡಿಸಿರುವುದು ಹೊಸ ರಿಲೀಸಿನಲ್ಲಿ, ಅಂದರೆ ಉಲಿಯ ಮುಂದಿನ ಆವೃತ್ತಿಯಲ್ಲಿ. ಅದು ಸಿಗದಿದ್ದರೆ ನನ್ನ ಅಂಗಡಿ ಮುಚ್ಚಿದಂತೆ.

ಫೋನ್ ಹಚ್ಚಿದೆ.

“ಕುಮಾರ, ಎಂತ ಮಾರಾಯ ಇದು?”

“ದುರ್ಗೇಶಣ್ಣ, ಕರೆಂಟ್ ಬಂತಾ?”

ಅವನಿಗೆ ಗೊತ್ತಿತ್ತು.

“ನಾವು ಕತ್ತಲಲ್ಲಿರೋದು ಗೊತ್ತಿದ್ದೂ ಪಾಸ್ ಮಾಡ್ದೆಯಾ?”

“ನಾನು ಪ್ರಸ್ತಾವ ಹಾಕಿದ ಸಂಜೆ ಕಂಬ ಬಿದ್ದಿದ್ದು. ಹಳೇ ಮಷಿನಿಗೆ ಬೇರೆ, ಹೊಸದಕ್ಕೆ ಬೇರೆ ಅಂತ ಎರಡೆರಡು ಸಲ ಉಲಿ ಕಟ್ಟಿ ಸಾಕಾಗೋಗಿದೆ ಅಣ್ಣ. ನೀವೂ ಬೇಡ ಅನ್ಲಿಲ್ಲ.”

“ಟವರ್ ಸತ್ತಿತ್ತಲ್ಲೋ. ಎಲ್ಲಿಂದ ಅನ್ಲಿ?”

“ನಿಯಮ ಯಾರು ಬರೆದಿದ್ದು, ಒಂದ್ಸಲ ಓದಿಸಿ ಕೇಳಿ.”

ನಮ್ಮ ಗುಂಪಿನ ನಿಯಮದ ಕಡತ ತೆರೆದೆ, ಉಲಿ ಓದಿತು: “ಎಪ್ಪತ್ತೆರಡು ಗಂಟೆಯೊಳಗೆ ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆಯೆಂದೇ ತಿಳಿಯುವುದು. ಬರೆದವರು, ದುರ್ಗೇಶ್.”

ಆಗೆಲ್ಲ ಸದಸ್ಯರು ವಾರಗಟ್ಟಲೆ ಉತ್ತರ ಕೊಡುತ್ತಿರಲಿಲ್ಲ, ಬೇಸತ್ತು ಬರೆದಿದ್ದೆ. ಹೊಳೆಬಾಗಿಲಿನ ಆಚೆ, ಅಣೆಕಟ್ಟಿನ ಹಿನ್ನೀರಿನಡಿ ಮುಳುಗಿದ ನಮ್ಮಜ್ಜನ ಗದ್ದೆ ಇದೆ. ಸರ್ಕಾರದವರು ಓದು ಬಾರದ ಊರಿನ ಗೋಡೆಗೆ ನೋಟೀಸು ಹಚ್ಚಿ, ತಕರಾರಿಲ್ಲ ಅಂತ ಬರೆದುಕೊಂಡು ಹೋದರು ಅಂತ ನಾನು ಎಷ್ಟು ಸಭೆಗಳಲ್ಲಿ ಕೂಗಿದ್ದೇನೋ. ಅದೇ ನೋಟೀಸನ್ನು ನಾನೇ ಬರೆದಿಟ್ಟಿದ್ದೆ.

ಅವ್ವ ಹೂವಮ್ಮ ಚಹಾ ಇಟ್ಟಳು. “ಎಂತ ಮುಖ ಅದು? ಯಾರು ಹೋದ್ರು?”

“ಯಾರೂ ಇಲ್ಲವ್ವ.”

ಫೋನಿನಲ್ಲಿ ಕುಮಾರ ಇನ್ನೂ ಇದ್ದ. “ಉಳಿದ ಹದಿನೆಂಟು ಜನರಲ್ಲಿ ಸರಿ ಅಂತ ಎಷ್ಟು ಜನ ಬರೆದ್ರು?” ಅಂದೆ.

“ಯಾರೂ ಬರೀಲಿಲ್ಲ.”

“ಒಬ್ಬರೂ?”

“ಒಬ್ಬರೂ.”

ಇದಕ್ಕೆ ಸರ್ವಾನುಮತ ಅಂತ ಹೆಸರು. ಬಾಯಿ ಬಿಡದ ಹದಿನೆಂಟು ಜನ, ಬಿಡಲಾಗದ ಒಬ್ಬ.

“ಎಲ್ಲರಿಗೂ ಫೋನ್ ಮಾಡು. ಬೇಕೋ ಬೇಡವೋ ಬಾಯಲ್ಲಿ ಹೇಳ್ಲಿ. ಎಲ್ಲರೂ ಕೈಬಿಡೋಣ ಅಂದ್ರೆ ಅಂಗಡಿ ಮುಚ್ತೀನಿ, ನಿನ್ನ ಬೈಯಲ್ಲ.”

“ನಾಲ್ಕರದ್ದು ತಡೀತೀನಿ ಅಣ್ಣ. ಆದ್ರೆ ಹನ್ನೊಂದು ಜನರ ನಂಬರೇ ನನ್ನತ್ರ ಇಲ್ಲ.”

ಇಷ್ಟು ವರ್ಷ ಜೊತೆಗೆ ದುಡಿದವರು. ನನ್ನತ್ರವೂ ಇರಲಿಲ್ಲ.

“ಏಳು ಜನರಿಂದ ಶುರು ಮಾಡು” ಅಂದು ಫೋನಿಟ್ಟು, ಎಲ್ಲರಿಗೂ ಮೇಲ್ ಬರೆಯತೊಡಗಿದೆ. ಮೊದಲ ಸಾಲು: ಈ ನಿಯಮ ಬರೆದವನು ನಾನು, ತಪ್ಪು ಮಾಡಿದೆ, ನಿಮ್ಮ ಫೋನ್ ನಂಬರ್ ಕಳಿಸಿ.