ಇದ್ದಿಲ ಮುಖಗಳಿಗೆ ಎಡೆ

ಯಾವ ಮುಖವೂ ಅವನ ಗುರುತು ಹಿಡಿಯಲಿಲ್ಲ. ಬೆಳಗಿನಿಂದ ಶಶಿಧರ್ ಚಿತ್ರಗಳನ್ನು ತೂಗುಹಾಕಿದ್ದ ಗೋಡೆಯುದ್ದಕ್ಕೂ ಸಾವಿರ ಸಲ ನಡೆದಿದ್ದ. ಮದ್ದೂರಿನ ಆ ಕಲ್ಯಾಣ ಮಂಟಪದ ನೆಲ ಒಂದು ಗೇಣು ಸವೆದಿತ್ತೆಂದರೂ ನಂಬಬೇಕು.

ಹಲಗೂರಿನ ಡ್ರಾಯಿಂಗ್ ಮೇಷ್ಟರೊಬ್ಬರು ಕಬ್ಬಿನ ಗಾಡಿಗಳ ಸಾಲಿನಲ್ಲಿ ಕಾದು ಕೂತ ಕೂಲಿಗಳನ್ನು ಬಿಡಿ ಹಾಳೆಗಳ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟು ಸತ್ತಿದ್ದರು. ಯಾರ ಹೆಸರನ್ನೂ ಬರೆದಿರಲಿಲ್ಲ. ಅವರ ಮಗಳು ಬೆಂಗಳೂರಿನವರಿಗೆ ಮಾರುವ ಮುನ್ನ ಮಂಡ್ಯದ ಪುಟ್ಟ ಮ್ಯೂಸಿಯಂ ಆ ಹಾಳೆಗಳನ್ನು ಕೊಳ್ಳಬೇಕು. ಅದಕ್ಕೆ ಹಣ ಕೂಡಿಸಲೆಂದೇ ಈ ಚಂದಾ ಬಾಡೂಟ. ಶಶಿಧರ್ ಆ ಮ್ಯೂಸಿಯಂನ ಕ್ಯುರೇಟರ್. ಮುಖಭಾವಗಳ ಮೇಲೆ ಅವನು ಬರೆದ ಪ್ರಬಂಧವನ್ನು ತೂಗಿದರೆ ಎರಡು ಟಗರಿನಷ್ಟಾಗುತ್ತಿತ್ತು.

ಯಾರಿಗೂ ಹೇಳದ್ದು ಒಂದಿತ್ತು. "ನಿಮ್ಮಪ್ಪನ್ನೂ ಆ ಮೇಷ್ಟ್ರು ಬರ್ದವ್ರೆ ಕಣ್ಲಾ" ಎಂದು ಅವ್ವ ಬೆಟ್ಟಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಅಪ್ಪ ನಿಂಗಯ್ಯನದು ಒಂದು ಫೋಟೋ ಕೂಡ ಇರಲಿಲ್ಲ. ಅವನು ತೀರಿಹೋದಾಗ ಶಶಿಧರ್ ಚಿಕ್ಕವನು. ಆದರೂ ಮುಖ ನೆನಪಿದೆ ಎಂದೇ ಈವರೆಗೆ ನಂಬಿಕೊಂಡಿದ್ದ.

ಮಧ್ಯಾಹ್ನ ಸಾರಿನ ಘಮಕ್ಕೆ ಮೈಸೂರು ರಸ್ತೆಯ ಬಸ್ಸುಗಳು ತಾವಾಗಿಯೇ ಬ್ರೇಕ್ ಹಾಕಿದವು. ಸೋಮನಹಳ್ಳಿಯಲ್ಲಿ ಸತ್ತ ನಾಯಿಯೂ ಎದ್ದು ಬಂತಂತೆ.

"ಊಟಕ್ ಕೂರನ್ವಾ ಸಾರ್?" ಟಗರು ಕೊಡಿಸಿದ ಆಲೆಮನೆ ಸಾಹುಕಾರ ಅಂಬರೀಶ್ ಕೇಳಿದ.

"ಕೂರಿ. ಚಿತ್ರಗಳಿಂದ ದೂರ."

ಅಂಬರೀಶನ ತಾಯಿ ಪುಟ್ಟಮಾದಮ್ಮ ಕೂರಲಿಲ್ಲ. ಗೋಡೆಯ ಕಡೆ ನೋಡಿ ಸೆರಗು ಹೊದ್ದಳು.

"ಇವ್ರೆಲ್ಲ ಬದ್ಕವ್ರಾ?"

"ಇಲ್ಲಮ್ಮ. ಹಳೆ ಕಾಲದವರು."

"ಪಿತೃಪಕ್ಸದಲ್ಲಿ ಸತ್ತೋರ್ನ ಸಾಲಾಗ್ ನಿಲ್ಸಿ, ಅವ್ರೆದ್ರುಗೇ ನಾವು ಮೂಳೆ ಕಡಿಯದಾ? ಎಷ್ಟ್ ಓದಿದ್ರೇನ್ ಬಂತು!"

ಪಿತೃಪಕ್ಷದಲ್ಲಿ ಮದುವೆಗಳಿಲ್ಲ, ಮಂಟಪ ಸುಲಭಕ್ಕೆ ಸಿಗುತ್ತದೆ. ಶಶಿಧರ್ ಯೋಚಿಸಿದ್ದು ಅಷ್ಟೇ. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡಿದ್ದ.

"ಅವು ಬರೀ ಪಟ ಕಣವ್ವ," ಅಂಬರೀಶ್ ನಕ್ಕ.

"ಮನೇಲಿರೋ ನಿಮ್ಮಪ್ಪನೂ ಪಟವೇ ಅಲ್ವೇನ್ಲಾ? ಎಡೆ ಇಕ್ಕಕಿಲ್ವಾ?"

ಊಟದೆಲೆಗಳು ಗೋಡೆಯ ಬುಡಕ್ಕೆ ಸರಿದವು. ದೀಪ, ಮುದ್ದೆ, ಸಾರು, ಬೀಡಿ, ಯಾರದೋ ಜೇಬಿನಿಂದ ಇಳಿದ ಕ್ವಾರ್ಟರ್ ಬಾಟಲಿ.

"ಇದು ನಮ್ಮಾವ!" ಒಬ್ಬಳು ಕೂಗಿದಳು.

"ಥೂ, ನಿಮ್ಮಾವುಂಗೆ ಇಂಥ ಮೂಗೆಲ್ಲಿತ್ತೇ? ನಮ್ ಚಿಕ್ತಾತ ಕಣೇ!"

ನೋಡನೋಡುತ್ತ ಮದ್ದೂರು, ಮಳವಳ್ಳಿ ಎರಡೂ ತಾಲ್ಲೂಕಿನ ಸತ್ತವರೆಲ್ಲ ಗೋಡೆಯ ಮೇಲೆ ಜಾಗ ಹಿಡಿದರು. ಒಂದೊಂದು ಮುಖಕ್ಕೆ ಮೂರು ಮನೆಯವರು.

"ನಿಮ್ಮೋರು ಯಾರೂ ಇಲ್ವಾ ಸಾರ್ ಇಲ್ಲಿ?" ಅಂಬರೀಶ್ ಕೇಳಿದ.

ಶಶಿಧರ್ ಬಾಯಿ ತೆರೆದ. ಯಾರ ಕಡೆ ಕೈ ತೋರಿಸುವುದು?

"ಇಲ್ಲ," ಎಂದ. "ನಾನು ಮ್ಯೂಸಿಯಂನವನು."

ಪುಟ್ಟಮಾದಮ್ಮ ಎಲ್ಲರನ್ನೂ ಹೊರಡಿಸಿದಳು. "ಆಚಿಕ್ಬನ್ನಿ, ಬಾಗ್ಲಾಕಿ. ನಾವಿದ್ರೆ ಅವ್ರು ಉಣ್ಣಕಿಲ್ಲ. ಆಮೇಲ್ ಬಾಗ್ಲು ತಟ್ಟಿ, ಅವ್ರು ಎದ್ದೋಗಕೆ ಒಸಿ ಒತ್ತು ಬುಟ್ಟು, ತೆಗ್ಯದು."

ದೀಪದ ಹೊಗೆ, ಕಾಗದ, ಯಾರಾದರೂ ಕಾಯಬೇಕು ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡು ಶಶಿಧರ್ ಕಂಬದ ಹಿಂದೆ ಉಳಿದ. ಬಾಗಿಲು ಮುಚ್ಚಿತು.

ಒಬ್ಬೊಬ್ಬರನ್ನೇ ನೋಡಿದ. ಹುಬ್ಬು, ಗದ್ದ, ಕಿವಿ. ಹೋಲಿಸಲು ತನ್ನ ಮುಖವನ್ನು ಮುಟ್ಟಿಕೊಂಡ. ಕೈಗೆ ಸಿಕ್ಕಿದ್ದು ಯಾರದೋ ಕೆನ್ನೆ.

"ಅಪ್ಪ," ಎಂದ, ಮೆಲ್ಲಗೆ.

ಎಲ್ಲರೂ ಕೇಳಿಸಿಕೊಂಡರು. ಯಾರೂ ಓಗೊಡಲಿಲ್ಲ.

ಕೊನೆಗೆ ಯಾವುದೋ ಹಾಳೆಯ ಕೆಳಗೆ, ಯಾವುದೋ ಎಲೆಯ ಮುಂದೆ ಕುಳಿತ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಮುದ್ದೆ ಇನ್ನೂ ಬಿಸಿಯಿತ್ತು. ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ. ಈರೇಳು ಲೋಕದಲ್ಲೂ ಬದುಕಿರುವವನೊಬ್ಬ ಅಂಥ ರುಚಿ ಕಂಡಿರಲಾರ.

ಬಾಗಿಲು ತಟ್ಟಿದರು. ಮೆಲ್ಲಗೆ, ಮರ್ಯಾದೆಯಿಂದ. ಆಮೇಲೆ ಇಡೀ ಮದ್ದೂರೇ ಉಸಿರು ಬಿಗಿಹಿಡಿದಂಥ ಮೌನ. ಒಳಗಿದ್ದವರು ಎದ್ದು ಹೋಗಲೆಂದು ಹೊರಗಿನವರು ಕಾಯುತ್ತಿದ್ದರು.

ಶಶಿಧರ್ ಎಂಜಲು ಕೈಯಲ್ಲೇ ಎದ್ದ. ಹೋಗಲು ಬೇರೆ ದಾರಿ ಇರಲಿಲ್ಲ. ಎರಡು ಹಾಳೆಗಳ ನಡುವಿನ ಖಾಲಿ ಜಾಗಕ್ಕೆ ಬೆನ್ನು ಆನಿಸಿ, ಹಾಳೆಯವರಂತೆ ಕಣ್ಣು ಮಿಟುಕಿಸದೆ, ಬಾಗಿಲ ಕಡೆ ಮುಖ ಮಾಡಿ ನಿಂತ.