ಮಧ್ಯಾಹ್ನದ ಹಾಜರಿ

ಗುಬ್ಬಿಯ ಹಳೇ ಸಂತೆಮಾಳದ ಗ್ರಂಥಾಲಯಕ್ಕೆ ಸ್ವಂತ ಕಟ್ಟಡ ಮಂಜೂರಾದ ದಿನ ಗ್ರಂಥಪಾಲಕಿ ಮಾಲಿನಿ ಓದಲು ಬಂದವರಿಗೆಲ್ಲ ಮೈಸೂರ್ ಪಾಕ್ ಹಂಚಿದಳು. ಹನ್ನೊಂದು ವರ್ಷದಿಂದ ಗ್ರಂಥಾಲಯ ನಡೆಯುತ್ತಿದ್ದದ್ದು ರೈಸ್ ಮಿಲ್ಲೊಂದರ ಹಿಂದಿನ ಬಾಡಿಗೆ ಗೋದಾಮಿನಲ್ಲಿ. ಮೇಲೆ ಸಿಮೆಂಟ್ ಶೀಟು, ಒಳಗೆ ನಲವತ್ತು ಕುರ್ಚಿ. ಆ ಕುರ್ಚಿಗಳಿಗಾಗಿ ಬೆಳಿಗ್ಗೆ ಎಂಟೂವರೆಗೇ ಹುಡುಗಿಯರು ಗೇಟಿನ ಮುಂದೆ ನಿಂತಿರುತ್ತಿದ್ದರು. ಪಿಡಿಒ, ಪೊಲೀಸ್, ಶಿಕ್ಷಕರ ನೇಮಕಾತಿ, ಯಾವುದಾದರೂ ಒಂದು ಪರೀಕ್ಷೆಗೆ ಓದುವವರು.

ಮಧ್ಯಾಹ್ನವಾಗುವಷ್ಟರಲ್ಲಿ ಅವರೆಲ್ಲ ಎದ್ದು ಹೋಗುತ್ತಿದ್ದರು. ಊಟಕ್ಕೆ ಹೋಗುತ್ತಾರೆ, ಆಮೇಲೆ ಬಿಸಿಲಿಗೆ ಬರುವುದಿಲ್ಲ ಎಂದೇ ಮಾಲಿನಿ ತಿಳಿದಿದ್ದಳು. ನಿಟ್ಟೂರಿನಿಂದ ಬಸ್ಸಿಗೆ ಬರುತ್ತಿದ್ದ ಸಿಂಚನಾ ಒಂದು ದಿನ ಹನ್ನೆರಡಕ್ಕೇ ಬ್ಯಾಗು ಹೆಗಲಿಗೇರಿಸಿದಾಗ ಮಾಲಿನಿ ಕೇಳಿದಳು.

"ಮುಂದಿನ ವಾರ ಪರೀಕ್ಷೆ ಅಂತಿದ್ದೆ? ಡಬ್ಬಿ ತಂದಿದೀಯಲ್ಲ, ಇಲ್ಲೇ ಊಟ ಮಾಡಿ ಕೂತ್ಕೊಳೇ."

"ಊಟದ್ದಲ್ಲ ಮೇಡಂ." ಹುಡುಗಿ ದನಿ ತಗ್ಗಿಸಿದಳು. "ಇಲ್ಲಿ ಟಾಯ್ಲೆಟ್ ಇಲ್ವಲ್ಲ. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ. ಇನ್ ಆಗಲ್ಲ ಮೇಡಂ."

ಮಾಲಿನಿಯ ಮನೆ ಎರಡು ಬೀದಿ ಆಚೆ. ಬೇಕೆನಿಸಿದಾಗ ಸ್ಕೂಟಿಯಲ್ಲಿ ಹೋಗಿ ಬರುತ್ತಿದ್ದಳು. ಇಷ್ಟು ವರ್ಷ ಈ ಮಾತು ತನಗೆ ಹೊಳೆಯದೆ ಹೋಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮರುದಿನದಿಂದ ಹಾಜರಿ ಪುಸ್ತಕದಲ್ಲಿ ಬಂದ ಸಮಯದ ಪಕ್ಕದಲ್ಲಿ ಹೋದ ಸಮಯವನ್ನೂ ಬರೆಯತೊಡಗಿದಳು.

ತಿಂಗಳು ಕಳೆದ ಮೇಲೆ ಹೊಸ ಕಟ್ಟಡದ ಪರಿಷ್ಕೃತ ನಕ್ಷೆ ಬಂತು. ಮೊದಲಿನ ನಕ್ಷೆಯಲ್ಲಿ ಹಿಂಭಾಗದಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಶೌಚಾಲಯವಿತ್ತು. ಗ್ರಂಥಾಲಯ ಕರದಿಂದ ಸಿಕ್ಕ ಹಣ ಅಂದಾಜಿಗಿಂತ ಆರು ಲಕ್ಷ ಕಡಿಮೆ ಬಿದ್ದದ್ದರಿಂದ ಈಗ ಸಿಬ್ಬಂದಿಗೆಂದು ಒಂದು ಮಾತ್ರ ಉಳಿದಿತ್ತು. ಮುಂದಿನ ಮಂಟಪ, ಅದರ ನಾಲ್ಕು ಕಂಬ, ಗ್ರಾನೈಟ್ ಮೆಟ್ಟಿಲು ಹಾಗೇ ಇದ್ದವು.

ಅವಳು ಹಾಜರಿ ಪುಸ್ತಕ ಹಿಡಿದು ತುಮಕೂರಿಗೆ ಹೋಗಿ ನಕ್ಷೆ ಮಾಡಿದ್ದ ಎಂಜಿನಿಯರ್ ಸೋಮಶೇಖರ್ ಅವರನ್ನು ಕಂಡಳು.

"ಮಂಟಪ ತೆಗೀಬೋದಲ್ವಾ ಸಾರ್?"

"ಮುಂದೆ ನೋಡೋಕೆ ಚೆನ್ನಾಗಿರ್ಬೇಕು ಮೇಡಂ. ಉದ್ಘಾಟನೆಗೆ ದೊಡ್ಡೋರು ಬಂದು ನಿಂತ್ಕೊಳೋದೇ ಅಲ್ಲಿ. ಅದನ್ನ ತೆಗೆದ್ರೆ ಮೇಲಿಂದ ಫೈಲೇ ವಾಪಸ್ ಬರುತ್ತೆ."

ಮಾಲಿನಿ ಪುಸ್ತಕ ತೆರೆದು ಅವರ ಮುಂದಿಟ್ಟಳು. "ಬೆಳಿಗ್ಗೆ ಮೂವತ್ತೊಂದು ಜನ ಹೆಣ್ಮಕ್ಳು ಸಾರ್. ಮಧ್ಯಾಹ್ನದ ಮೇಲೆ ಇಬ್ರು. ಆ ಇಬ್ರ ಮನೆ ಪಕ್ಕದಲ್ಲೇ ಇದೆ. ಹೀಗೇ ಕಟ್ಟಿದ್ರೆ ಅಷ್ಟು ದೊಡ್ಡ ಹಾಲ್ ಅರ್ಧ ದಿನ ಖಾಲಿ ಬಿದ್ದಿರುತ್ತೆ."

ಸೋಮಶೇಖರ್ ನಾಲ್ಕೈದು ಪುಟ ತಿರುವಿದರು. "ನೀವು ಹೇಳೋದು ಸರಿ. ಆದ್ರೆ ದುಡ್ಡಿಲ್ಲ. ಯಾರಾದ್ರೂ ದಾನಿಗಳಿಂದ ಲೆಟರ್ ತನ್ನಿ, ಸೇರಿಸೋಕೆ ನೋಡ್ತೀನಿ."

ಗುಬ್ಬಿಯ ಕೊಬ್ಬರಿ ವ್ಯಾಪಾರಿ ಚನ್ನಬಸವಯ್ಯನವರ ಹೆಂಡತಿ ಕರಿಬಸಮ್ಮ ತೀರಿಕೊಂಡು ವರ್ಷವಾಗಿತ್ತು. ಆಕೆಯ ಹೆಸರಿನಲ್ಲಿ ಊರಿಗೆ ಏನಾದರೂ ಮಾಡಬೇಕೆಂದು ಅವರು ಅಂದುಕೊಂಡಿರುವುದು ಮಾಲಿನಿಯ ಕಿವಿಗೂ ಬಿದ್ದಿತ್ತು. ಅವರ ಮಂಡಿಗೆ ಹೋದಳು. ಗ್ರಂಥಾಲಯ ಎಂದ ಕೂಡಲೇ ಮುದುಕರು ಕಾಫಿ ತರಿಸಿದರು. ಯಾವ ಭಾಗಕ್ಕೆ ಎಂದು ತಿಳಿದ ಮೇಲೆ ಮುಖ ಗಂಟಿಕ್ಕಿದರು.

"ಏನಮ್ಮ ಇದು! ನಮ್ ಮನೆಯವಳ ಹೆಸರ್ನ ಕಕ್ಕಸಿನ ಮೇಲೆ ಬರೆಸ್ಬೇಕಾ? ನೆಂಟ್ರು ಏನಂತಾರೆ?"

ಮಾಲಿನಿ ಕಾಫಿ ಮುಗಿಸಿ ಎದ್ದು ಬಂದಳು. ಎರಡು ದಿನ ಬಿಟ್ಟು ಮತ್ತೆ ಹೋದಳು.

"ಕರಿಬಸಮ್ಮನೋರ ಹೆಸ್ರು ಮುಂದಿನ ಮಂಟಪಕ್ಕೆ ಇಡೋಣ. ನೀವು ಮಂಟಪಕ್ಕೆ ಅಂತಾನೇ ಕೊಡಿ. ಅದಕ್ಕೆ ಅಂತ ಇಟ್ಟಿರೋ ಸರ್ಕಾರದ ದುಡ್ಡು ಉಳಿಯುತ್ತೆ. ಆ ದುಡ್ಡಲ್ಲಿ ಹಿಂದ್ಗಡೆ ಶೌಚಾಲಯ ಕಟ್ಸೋಕಾಗುತ್ತೆ. ನಿಮ್ಮಿಂದ ಮುಚ್ಚಿಡಬಾರದು ಅಂತ ಹೇಳ್ತಿದೀನಿ."



"ಮೊದ್ಲು ನಾವು ಹಾಗಲವಾಡಿ ತಾವ ತೋಟದ ಮನೇಲಿದ್ವಿ," ಎಂದರು ಚನ್ನಬಸವಯ್ಯ. "ಇಪ್ಪತ್ತೆರಡು ವರ್ಷ ಅವಳು ಕತ್ಲೆ ಇದ್ದಂಗೇ ಎದ್ದು ಚೊಂಬು ಹಿಡ್ಕಂಡು ಹೋಗೋಳು. ಒಂದಿನಾನೂ ಬಾಯ್ಬಿಟ್ಟು ಕೇಳ್ಲಿಲ್ಲ. ಆಮೇಲೆ ಕಟ್ಟಿಸ್ದೆ, ಸೊಸೆ ಬರ್ತಾಳೆ ಅಂತ. ಇವಳಿಗೋಸ್ಕರ ಕಟ್ಟಿಸ್ಲಿಲ್ಲ." ಮೇಜಿನ ಡ್ರಾಯರ್ ಎಳೆದರು. "ಚೆಕ್ ಯಾರ ಹೆಸ್ರಿಗೆ ಬರೀಬೇಕು ಹೇಳವ್ವ."

ಚೆಕ್ ಬಂದ ಮೇಲೂ ಕೆಲಸ ಸುಲಭವಾಗಲಿಲ್ಲ. ಒಂದಕ್ಕೆಂದು ಇಟ್ಟ ಹಣವನ್ನು ಇನ್ನೊಂದಕ್ಕೆ ತಿರುಗಿಸಲು ಮೂರು ತಿಂಗಳು ಹಿಡಿಯಿತು. ಮಾಲಿನಿ ಐದು ಸಲ ತುಮಕೂರಿಗೆ ಓಡಾಡಿದಳು. ಕೊನೆಯ ಸಲ ಸೋಮಶೇಖರ್ ತಾವೇ ಫೈಲು ಹಿಡಿದು ಮಹಡಿ ಹತ್ತಿ ಸಹಿ ಹಾಕಿಸಿಕೊಂಡು ಬಂದರು. ಪಾಯ ತೆಗೆದ ವಾರವೇ ಅವಳಿಗೆ ಕುಣಿಗಲ್ಲಿಗೆ ವರ್ಗವಾಯಿತು.

ಕಟ್ಟಡ ಮುಗಿಯಲು ಒಂದೂವರೆ ವರ್ಷವಾಯಿತು. ಸಿಂಚನಾ ಅಷ್ಟರಲ್ಲಿ ಹಿರೇಹಳ್ಳಿಯ ಕಾರ್ಖಾನೆಯೊಂದಕ್ಕೆ ಸೇರಿ ಓದು ಬಿಟ್ಟಿದ್ದಳು. ಹೊಸ ಗ್ರಂಥಪಾಲಕಿ ಶೃತಿ ಆಹ್ವಾನ ಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಅದರಲ್ಲಿ ಮಾಲಿನಿಯ ಹೆಸರಿರಲಿಲ್ಲ. ಆದರೂ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಗುಬ್ಬಿಗೆ ಬಂದಳು.

ಮಂಟಪದ ಗೋಡೆಯಲ್ಲಿ ಕರಿಬಸಮ್ಮನ ಹೆಸರು ಕೆತ್ತಿದ ಕಲ್ಲಿತ್ತು. ಭಾಷಣ ಮುಗಿಯುತ್ತಿದ್ದಂತೆ ಮಾಲಿನಿ ಹಿಂಭಾಗಕ್ಕೆ ಹೋದಳು. ಹೆಂಗಸರ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ಗಂಡಸರದ್ದು ತೆರೆದಿತ್ತು. ಅಲ್ಲೇ ನಿಂತಿದ್ದ ಅಟೆಂಡರ್ ಭೀಮರಾಜನನ್ನು ಕೇಳಿದಳು.

"ಯಾಕಪ್ಪ ಬೀಗ?"

"ಗಲೀಜಾಗುತ್ತೆ ಅಂತ ಸಾಹೇಬ್ರು ಹೇಳವ್ರೆ ಮೇಡಂ. ಕೀ ನನ್ ಟೇಬಲ್ ತಾವ ಇರುತ್ತೆ. ಬೇಕಾದೋರು ಕೇಳಿ ಈಸ್ಕಳ್ಳಿ."

"ಹೆಣ್ಮಗು ನಿನ್ ಹತ್ರ ಬಂದು ಕೀ ಕೊಡಿ ಅಂತ ಕೇಳ್ತಾಳಾ? ಕೇಳಲ್ಲ ಭೀಮರಾಜ್. ಸುಮ್ನೆ ಎದ್ದು ಮನೆಗೆ ಹೋಗ್ತಾಳೆ."

ಅವನು ತಲೆ ಕೆರೆದುಕೊಂಡ. ಮಾಲಿನಿ ಕೈ ಚಾಚಿಯೇ ನಿಂತಿದ್ದಳು. ಕೀ ಕೊಟ್ಟ. ಅವಳು ಬೀಗ ತೆಗೆದು, ಒಳಗಿನ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿದಳು. ಬಂತು. ಹುಡುಕಿಕೊಂಡು ಬಂದ ಶೃತಿಯ ಕೈಗೆ ಬೀಗವನ್ನೂ ಕೀಯನ್ನೂ ಇಟ್ಟಳು.

"ಸಾಯಂಕಾಲ ಬಾಗ್ಲು ಹಾಕುವಾಗ ಮಾತ್ರ ಇದು. ಸಾಹೇಬ್ರು ಕೇಳಿದ್ರೆ ನನ್ ನಂಬರ್ ಕೊಡು."

"ನಾನೇ ಹೇಳ್ತೀನಿ ಬಿಡಿ ಅಕ್ಕ," ಎಂದಳು ಶೃತಿ. "ಬನ್ನಿ, ಎಲೆ ಹಾಕವ್ರೆ."

ಶಾಮಿಯಾನದ ಕೆಳಗೆ ಚನ್ನಬಸವಯ್ಯ ತಮ್ಮ ಪಕ್ಕದ ಕುರ್ಚಿಯ ಮೇಲೆ ಟವೆಲ್ ಹಾಕಿ ಮಾಲಿನಿಗಾಗಿ ಜಾಗ ಹಿಡಿದಿದ್ದರು.