ಕೆಂಪು ಬಾವುಟ

ಆ ಬೆಳಿಗ್ಗೆ ಕಣಿವೆಯಲ್ಲಿ ವರ್ಷದ ಮೊದಲ ಗಟ್ಟಿ ಹಿಮ ಬಿದ್ದಿತ್ತು. ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗಿ, ಹಳ್ಳದ ಮೇಲಿಂದ ಹಬೆ ಏಳುತ್ತಿತ್ತು. ಚರ್ಚಿನ ಹಿಂದಿನ ತನ್ನ ಮನೆಯಲ್ಲಿ ಮುದುಕಿ ಡೆಲ್ಫಾ ಒಲೆಗೆ ಕೈ ಕಾಯಿಸುತ್ತ, ಹಿಂದಿನ ಸಂಜೆ ತಾನು ಚಳಿಯಿಂದ ಉಳಿಸಿ ತಂದದ್ದನ್ನು ನೋಡಿ ಸಮಾಧಾನಪಡುತ್ತಿದ್ದಳು. ಕಿಟಕಿಯಲ್ಲಿ ಸಾಲಾಗಿ ಹಸಿರು ಟೊಮೆಟೊ. ನೆಲದ ಮೇಲೆ ಹೂವಿನ ಕುಂಡಗಳು. ಮೇಜಿನ ಮೇಲೆ, ಬೈಬಲ್ಲಿನ ಪಕ್ಕದಲ್ಲಿ, ಉಣ್ಣೆಯ ಶಾಲಿನಲ್ಲಿ ಸುತ್ತಿಟ್ಟ ಮದ್ದಿನ ಪೊಟ್ಟಣಗಳು.

ಕೆಂಟಕಿಯ ಆ ಗುಡ್ಡಗಳಲ್ಲಿ ಹಿಮ ಬೀಳುವ ಸೂಚನೆ ಕಂಡಿತೆಂದರೆ ಹೆಂಗಸರು ಹೊರಗೆ ಏನನ್ನೂ ಬಿಡುವುದಿಲ್ಲ. ಡೆಲ್ಫಾಳ ಅಜ್ಜಿ ಕೋಳಿಮರಿಗಳನ್ನೂ ಬುಟ್ಟಿಯಲ್ಲಿ ಒಳಗೆ ತಂದು ಮಲಗಿಸುತ್ತಿದ್ದಳಂತೆ. ಮದ್ದೂ ನೀರಿನಂಥದ್ದೇ ತಾನೆ, ಹೆಪ್ಪುಗಟ್ಟಿ ಕೆಟ್ಟೀತು ಎಂದು ಅವಳಿಗೆ ಅನ್ನಿಸಿತ್ತು. ತಿಂಡಿ ಮುಗಿಸಿ ಮತ್ತೆ ಇಟ್ಟರಾಯಿತು.

ಚರ್ಚಿನ ಮುಂದೆ ಕಂಬಕ್ಕೆ ಹೊಡೆದಿದ್ದ ಹಳೆಯ ಟಪಾಲು ಪೆಟ್ಟಿಗೆಯೇ ಮದ್ದಿನ ಮನೆ. ಅಮಲಿನ ಪುಡಿ ಸೇದಿಯೋ ಸೂಜಿ ಚುಚ್ಚಿಕೊಂಡೋ ಉಸಿರು ನಿಂತವರ ಮೂಗಿಗೆ ಒಂದು ಸಲ ಒತ್ತಿದರೆ ಜೀವ ತಿರುಗಿ ಬರುವ ಮದ್ದು. ಯಾರು ಬೇಕಾದರೂ ಕೇಳದೆ ಒಯ್ಯಬಹುದು. ಪೆಟ್ಟಿಗೆಯ ಪಕ್ಕದ ತಗಡಿನ ಕೆಂಪು ಬಾವುಟ ಮೇಲಿದ್ದರೆ ಒಳಗೆ ಮದ್ದಿದೆ, ಕೆಳಗಿದ್ದರೆ ಖಾಲಿ. ಆ ಏರ್ಪಾಡು ಡೆಲ್ಫಾಳದ್ದೇ. ಸಭೆಯ ಹಿರಿಯ ಹೋಬರ್ಟ್ ಆಗಲೇ ಗೊಣಗಿದ್ದ: "ನೀನು ಇದನ್ನ ನೆಟ್ಟಮೇಲೆ ದೇವರ ಬಾಗಿಲು ತಟ್ಟೋರಿಗಿಂತ ಈ ಡಬ್ಬಿ ಬಾಗಿಲು ತೆಗೆಯೋರೇ ಜಾಸ್ತಿ ಆದ್ರು ನೋಡು."

"ಯಾವ ಬಾಗಿಲಾದ್ರೂ ಸರಿ, ಬದುಕಿದ್ರೆ ತಾನೆ ತಟ್ಟೋದು?" ಎಂದು ಡೆಲ್ಫಾ ಅವನ ಬಾಯಿ ಮುಚ್ಚಿಸಿದ್ದಳು.

ಪೆಟ್ಟಿಗೆಗೆ ಹೆಚ್ಚು ಬರುತ್ತಿದ್ದವನು ಹಳ್ಳದಾಚೆಯ ವರ್ನಾಳ ಮಗ ಕೋಲ್ಬಿ. ಗಣಿಯಲ್ಲಿ ಬೆನ್ನಿಗೆ ಪೆಟ್ಟಾಗಿ, ನೋವಿನ ಮಾತ್ರೆಯಿಂದ ಶುರುವಾಗಿ ಪುಡಿಗೆ ಬಂದು ಮುಟ್ಟಿದವನು. ಸೇತುವೆಯ ಕೆಳಗೆ ಬಿದ್ದಿದ್ದ ಗೆಳೆಯನೊಬ್ಬನನ್ನು ಇದೇ ಮದ್ದಿನಿಂದ ಎಬ್ಬಿಸಿದ್ದ. "ಡೆಲ್ಫಾ ಚಿಕ್ಕಮ್ಮ, ಇನ್ನೊಂದು ತಗೋತೀನಿ, ಯಾರಿಗಾದ್ರೂ ಬೇಕಾಗತ್ತೆ. ಮುಂದಿನ ಸಲ ಜೊತೇಲಿ ಬಿಸ್ಕತ್ತೂ ಇಡೇ, ಬರೀ ಮದ್ದು ಇಟ್ರೆ ಮರ್ಯಾದೆ ಅನ್ಸಲ್ಲ" ಎಂದು ನಕ್ಕು ಹೋಗಿದ್ದ.

ಆ ಬೆಳಿಗ್ಗೆ ಡೆಲ್ಫಾ ಇನ್ನೂ ಒಲೆಯ ಮುಂದಿರುವಾಗಲೇ ಬಾಗಿಲು ಒಡೆದು ಹೋಗುವ ಹಾಗೆ ಬಡಿತ ಕೇಳಿಸಿತು. ಡೆಲ್ಫಾ ತೆರೆದಾಗ ವರ್ನಾ ನಿಂತಿದ್ದಳು. ರಾತ್ರಿಯ ಅಂಗಿ, ಬರಿಗಾಲು. ಪಾದಗಳಿಗೆ ಹಿಮ ಮೆತ್ತಿತ್ತು.

"ಡಬ್ಬಿ ಖಾಲಿ ಡೆಲ್ಫಾ! ಬಾವುಟ ಮೇಲಿದೆ, ಒಳಗೇನೂ ಇಲ್ಲ! ಕೋಲ್ಬಿ... ತುಟಿ ನೀಲಿಯಾಗಿದೆ ಕಣೇ!"

ಡೆಲ್ಫಾಳ ಕೈ ಶಾಲನ್ನು ಬಿಡಿಸಲಾರದೆ ಗಂಟನ್ನೇ ಎಳೆಯಿತು. ಕೊನೆಗೆ ಗಂಟಿನ ಸಮೇತ ಎತ್ತಿಕೊಂಡು ಓಡಿದಳು. ಇಳಿಜಾರು ಜಾರುತ್ತಿತ್ತು. ವರ್ನಾ ಎಲ್ಲೋ ಮುಂದೆ, "ನನ್ನ ಕಂದಾ, ತಡಕೋ, ತಡಕೋ" ಎನ್ನುತ್ತ ಹೋಗುತ್ತಿದ್ದಳು. ಪೆಟ್ಟಿಗೆಯನ್ನು ದಾಟುವಾಗ ಡೆಲ್ಫಾ ತಲೆಯೆತ್ತಿ ನೋಡಿದಳು. ಬೆಳ್ಳಗಿನ ಹುಲ್ಲಿನ ನಡುವೆ ಬಾವುಟ ಕೆಂಪಗೆ, ನೆಟ್ಟಗೆ ನಿಂತಿತ್ತು. ಮದ್ದು ತೆಗೆದವಳು ಅದನ್ನು ಇಳಿಸುವುದನ್ನು ಮರೆತಿದ್ದಳು.

ಹುಡುಗ ಅಡುಗೆಮನೆಯ ನೆಲದ ಮೇಲೆ ಒರಗಿದ್ದ. ಡೆಲ್ಫಾ ಮೂಗಿಗೆ ಒತ್ತಿದಳು. ಇನ್ನೊಂದನ್ನೂ ಒತ್ತಿದಳು. ಬಾಯಿಗೆ ಬಾಯಿಟ್ಟು ಊದಿದಳು. ಆ ಕಣಿವೆಯಲ್ಲಿ ಫೋನು ಹಿಡಿಯುವುದಿಲ್ಲ. ಯಾರೋ ಗುಡ್ಡ ಹತ್ತಿ ಕರೆದ ಆಂಬುಲೆನ್ಸ್ ಬರುವಷ್ಟರಲ್ಲಿ ಹೊರಗೆ ಬಿಸಿಲೇರಿ, ಹಿಮವೆಲ್ಲ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಕೋಲ್ಬಿಯ ಕೈ ಮಾತ್ರ ಬೆಚ್ಚಗಾಗಲಿಲ್ಲ.

ಪೆಟ್ಟಿಗೆ ತುಂಬಲು ಬರುತ್ತಿದ್ದ ನರ್ಸ್ ಹುಡುಗಿ ಸಮಾಧಾನ ಹೇಳಲೆಂದೇ ಹೇಳಿದಳು: "ಒಂದು ರಾತ್ರಿ ಚಳಿಗೆ ಅದಕ್ಕೇನೂ ಆಗಲ್ಲ ಚಿಕ್ಕಮ್ಮ. ಹೆಪ್ಪುಗಟ್ಟಿ ಕರಗಿದ್ರೂ ಕೆಲಸ ಮಾಡತ್ತೆ. ನಿಮಗೆ ಯಾರೂ ಹೇಳಿರಲಿಲ್ಲ, ನೀವಾದ್ರೂ ಏನ್ ಮಾಡ್ತೀರಿ?" ಆ ಮಾತು ಡೆಲ್ಫಾಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಸಾವಾದ ಮನೆಗೆ ಊರೆಲ್ಲ ಅಡುಗೆ ಕಳಿಸುವುದು ಅಲ್ಲಿನ ವಾಡಿಕೆ. ಪಾತ್ರೆಯ ತಳಕ್ಕೆ ಪಟ್ಟಿ ಅಂಟಿಸಿ ಹೆಸರು ಬರೆದಿರುತ್ತಾರೆ. ದುಃಖ ಕಳೆದ ಮೇಲೆ ಆ ಮನೆಯವರು ಪಾತ್ರೆಗಳನ್ನು ಹಿಂತಿರುಗಿಸುತ್ತಾರೆ, ಖಾಲಿಯಾಗಿ ಮಾತ್ರ ಕೊಡುವುದಿಲ್ಲ. ಡೆಲ್ಫಾ ಕೋಳಿ ಬೇಯಿಸಿ ಗಾಜಿನ ಪಾತ್ರೆಯಲ್ಲಿ ತುಂಬಿಸಿ, ಹಿತ್ತಲ ಬಾಗಿಲಲ್ಲಿ ಇಟ್ಟು, ಯಾರಿಗೂ ಮುಖ ತೋರಿಸದೆ ಬಂದಳು. ಹೋಬರ್ಟ್ ಸಮಾಧಿಯ ಹತ್ತಿರ ಏನಾದರೂ ಅನ್ನಬಹುದೆಂದು ಕಾದಳು. ಅವನು ಹ್ಯಾಟು ತೆಗೆದು ತಲೆ ತಗ್ಗಿಸಿದ, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಎಲೆಯೆಲ್ಲ ಉದುರುವವರೆಗೂ ಒಬ್ಬೊಬ್ಬರ ಮನೆಗೂ ಅವರವರ ಪಾತ್ರೆ ಹೋಯಿತು. ಯಾರದರಲ್ಲಿ ಸೇಬಿನ ಗೊಜ್ಜು, ಯಾರದರಲ್ಲಿ ಹುರುಳಿಕಾಯಿ. ಡೆಲ್ಫಾಳ ಮನೆಗೆ ಯಾವುದೂ ಬರಲಿಲ್ಲ. ಅವಳು ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಕೂರುತ್ತಿದ್ದಳು. ಕಣ್ಣು ಮುಚ್ಚಿದರೆ ಕೆಂಪು ಬಾವುಟವೇ ಕಾಣುತ್ತಿತ್ತು. ದೇವರ ಹತ್ತಿರ ಏನು ಕೇಳಬೇಕೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ಮಬ್ಬು ಬೆಳಗಿನಲ್ಲಿ ಮೆಲ್ಲನೆ ಬಾಗಿಲು ತಟ್ಟಿದ ಸದ್ದಾಯಿತು. ವರ್ನಾ ಕೋಲ್ಬಿಯ ದೊಗಳೆ ಕೋಟು ಹಾಕಿಕೊಂಡು ನಿಂತಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಗಾಜಿನ ಪಾತ್ರೆ.

"ಒಳಗೆ ಬಾರೇ."

"ಇಲ್ಲ, ಒಲೆ ಮೇಲೆ ಅಡುಗೆ ಇಟ್ಟು ಬಂದಿದೀನಿ." ವರ್ನಾಳ ದನಿಯಲ್ಲಿ ಸಿಟ್ಟಿರಲಿಲ್ಲ, ಇನ್ನೇನೂ ಇರಲಿಲ್ಲ. "ನಿನ್ನೆ ಚಳಿ ಅಂತ ಈ ಕೋಟು ಹಾಕ್ಕೊಂಡು ಜೇಬಿಗೆ ಕೈ ಹಾಕಿದೆ. ಅವತ್ತು ಬಾಗಿಲ ಹಿಂದೇನೇ ನೇತಾಡ್ತಿತ್ತು. ನಾನು ಅದರ ಪಕ್ಕದಲ್ಲೇ ಓಡಿಬಂದೆ."

ಡೆಲ್ಫಾ ಮಾತಾಡಲು ಬಾಯಿ ತೆರೆದಳು. ವರ್ನಾ ತಲೆಯಾಡಿಸಿ, ಪಾತ್ರೆಯನ್ನು ಎರಡೂ ಕೈಯಿಂದ ಮುಂದೆ ಹಿಡಿದಳು. "ನಿಂದೇ. ತಗೋ."

ಮುದುಕಿ ಬಟ್ಟೆಯನ್ನು ಸರಿಸಿದಳು. ತೊಳೆದು ಒರೆಸಿದ್ದ ಗಾಜಿನ ತಳದಲ್ಲಿ, ಒಡೆಯದ ಒಂದು ಮದ್ದಿನ ಪೊಟ್ಟಣವಿತ್ತು.